ಚಾವಿಯ ನೆಂಟರು

ಬೆಳಗಿನ ಗಂಜಿಗೆ ಚಟ್ನಿ ಅರೆಯುತ್ತಿದ್ದೆ. ಪಕ್ಕದ ಗಿರಿಜಕ್ಕನ ಮನೆಯಲ್ಲಿ ತಂಗಿದ್ದ ಪೋರ್ಚುಗಲ್‌ನ ಹೆಂಗಸು ಗಾಬರಿಯಿಂದ ನಮ್ಮ ಅಂಗಳಕ್ಕೆ ಬಂದರು. ಅವರು ಕಡಲ ತೀರದಲ್ಲಿ ಅಡ್ಡಾಡಿ ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ಪಾಸ್‌ಪೋರ್ಟ್ ಒಳಗೆ, ಗೋವಾದ ರೈಲಿಗೆ ಹೊತ್ತಾಗಿತ್ತು. ಗಿರಿಜಕ್ಕ ಅತಿಥಿಯನ್ನೇ ಮರೆತು, ಎಂದಿನ ರೂಢಿಯಂತೆ ಬೀಗ ಹಾಕಿ, ಚಾವಿಯನ್ನು ನಮ್ಮ ಅತ್ತೆಯ ಕೈಗೆ ಕೊಟ್ಟು ಶಂಕರನಾರಾಯಣದ ದೇವಸ್ಥಾನಕ್ಕೆ ಹೋಗಿದ್ದರು.

"ಅತ್ತೇ, ಗಿರಿಜಕ್ಕನ ಚಾವಿ ಎಲ್ಲಿಟ್ರಿ?" ಎಂದು ಕೂಗಿದೆ.

"ಮೊಳಿಗ್ ತೂಗ್ಸಿದೆ, ಕಾಣ್!" ಎಂದರು ಅತ್ತೆ ಒಳಗಿನಿಂದ.

ನಾನಂದ 'ಚಾವಿ' ಕಿವಿಗೆ ಬಿದ್ದು ಕನ್ನಡ ಬಾರದ ಆಕೆಯ ಮುಖ ಅರಳಿತು. "ಶಾವ್! ನಮ್ಮಲ್ಲೂ ಅದೇ ಮಾತು!" ಎಂದರು ಇಂಗ್ಲಿಷಿನಲ್ಲಿ.

ಚಾವಿ ತಂದು ಬಾಗಿಲು ತೆರೆದುಕೊಟ್ಟೆ. ರೈಲು ಹತ್ತಿದ ಮೇಲೆ ಆಕೆ ನನ್ನ ಮೊಬೈಲಿಗೆ ಸಂದೇಶ ಕಳಿಸಿದರು. ಈ ಪದ ಪೋರ್ಚುಗೀಸರ ಜೊತೆ ನಮ್ಮ ಕರಾವಳಿಗೆ ಬಂದದ್ದಂತೆ. ಸ್ಪೇನಿನಲ್ಲಿ 'ಯಾವೆ', ಇಟಲಿಯಲ್ಲಿ 'ಕಿಯಾವೆ', ಫ್ರಾನ್ಸಿನಲ್ಲಿ 'ಕ್ಲೆ'. ಎಲ್ಲಕ್ಕೂ ತಾಯಿ ಲ್ಯಾಟಿನ್ನಿನ 'ಕ್ಲಾವಿಸ್'. ಮೊಳೆಗೆ ಆ ಭಾಷೆಯಲ್ಲಿ 'ಕ್ಲಾವುಸ್' ಎನ್ನುತ್ತಾರಂತೆ, ಅದೂ ಇದರ ಹತ್ತಿರದ ನೆಂಟ.

ದಿನವಿಡೀ ಆ ಮೊಳೆಯನ್ನೇ ನೋಡುತ್ತಿದ್ದೆ. ಸಂಜೆ ಚಾವಿ ಒಯ್ಯಲು ಬಂದ ಗಿರಿಜಕ್ಕನಿಗೂ ಚಾವಿ-ಮೊಳೆಗಳ ಈ ನೆಂಟಸ್ತಿಕೆಯನ್ನು ಹೇಳಿದೆ.

"ಅದ್ರಗೆ ಎಂತ ವಿಶೇಷ ಮಾರಾಯ್ತಿ? ಮೊಳಿ ಇಲ್ದಿರೆ ಚಾವಿ ತೂಗ್ಸುದೆಲ್ಲಿ?" ಎನ್ನುತ್ತಾ ಅವರು ಹೊರಟೇಬಿಟ್ಟರು.