ಹೆಚ್ಚು ಬಂದ ಆರು ದಿನದ ಸಂಬಳ

ಉಪ್ಪಳದ ಪಾತ್ರೆ ಅಂಗಡಿಯ ಕೆಲಸ ಬಿಟ್ಟ ಮೇಲೆ ಕೊನೆಯ ಸಂಬಳ ಖಾತೆಗೆ ಬಂತು. ನೋಡಿದರೆ ಆರು ದಿನದ್ದು ಹೆಚ್ಚು ಉಂಟು. ನಾನು ಬಿಟ್ಟದ್ದು ಇಪ್ಪತ್ತನಾಲ್ಕಕ್ಕೆ, ಅವರು ಹಾಕಿದ್ದು ಇಡೀ ತಿಂಗಳಿನದ್ದು. ನಾಳೆ ಪೇಟೆಯಲ್ಲಿ ಯಾರೂ ಮಾತೆತ್ತುವುದು ಬೇಡವೆಂದು ಹಣ ಹಿಡಿದುಕೊಂಡು ಹೋದೆ.

ಲೆಕ್ಕ ನೋಡುವ ರಝಾಕ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮ ಹೆಸರು ಈಗ ಸ್ಟಾಫಿನಲ್ಲಿ ಇಲ್ಲ ಅಕ್ಕ. ಇಲ್ಲದವರಿಂದ ಸಂಬಳ ವಾಪಸ್ ತೆಗೊಳ್ಳುವುದು ಹೇಗೆ?"

"ಇಲ್ಲದವಳಿಗೆ ಕೊಡುವಾಗ ಹೇಗೆ ಕೊಟ್ಟಿರಿ ಮಾರಾಯ್ರೆ?"

ಅವನು ದುಬೈಯಲ್ಲಿರುವ ಧಣಿಗೆ ವಾಯ್ಸ್ ಮೆಸೇಜ್ ಕಳಿಸಿದ. ಉತ್ತರ ಬರುವವರೆಗೆ ಅರ್ಧ ಗಂಟೆ ಸ್ಟೂಲಿನಲ್ಲಿ ಕೂತೆ. ಆರು ವರ್ಷ ಅದರಲ್ಲಿ ಕೂರಲು ಬಿಟ್ಟಿರಲಿಲ್ಲ, ಅದು ಗಿರಾಕಿಗಳಿಗಂತೆ. ಕೊನೆಗೆ ಧಣಿಯ ಸ್ವರ ಬಂತು: "ಬಿಲ್ ಮಾಡದೆ ಒಂದು ರೂಪಾಯಿಯೂ ತೆಗೊಳ್ಳಬೇಡ."

ಬಿಲ್ ಮಾಡಬೇಕಾದರೆ ಸಾಮಾನು ಬೇಕು. ಬಿಲ್ಲಾದ ಸಾಮಾನು ಅಂಗಡಿಯಲ್ಲೇ ಉಳಿದರೆ ಸ್ಟಾಕ್ ತಾಳೆಯಾಗುವುದಿಲ್ಲ. ರಝಾಕ್ ಆರು ದಿನದ ಸಂಬಳಕ್ಕೆ ಸರಿಯಾಗಿ ಒಂದು ಕುಕ್ಕರ್, ಒಂದು ಇಡ್ಲಿ ಪಾತ್ರೆ, ನಾಲ್ಕು ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟು, ಹಣ ಎಣಿಸಿ ಒಳಗೆ ಹಾಕಿದ.

"ನಂಗೆ ಎಂತಕ್ಕೆ ಇದು? ನಾನು ಬಂದದ್ದು ಹಣ ಕೊಡ್ಲಿಕ್ಕೆ!"

"ಕೊಟ್ಟಾಯ್ತಲ್ಲ ಅಕ್ಕ. ಇನ್ನು ಮನೆಗೆ ಹೋಗಿ ಒಮ್ಮೆ."

ಬಸ್ಸಿನಲ್ಲಿ ಕುಕ್ಕರನ್ನು ಮಡಿಲಲ್ಲಿಟ್ಟು ಕೂತಿದ್ದಾಗ ಅಂಗಡಿಯಿಂದ ಫೋನಿಗೆ ಮೆಸೇಜ್ ಬಂತು: "ಪ್ರಿಯ ಗ್ರಾಹಕರೇ, ನಿಮಗೆ ಧನ್ಯವಾದಗಳು."

ಆರು ವರ್ಷ ಅಲ್ಲಿ ದುಡಿದಿದ್ದೆ ನಾನು. ಆ ಅಂಗಡಿಯ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು.