ಅಕ್ಕೋರು ತಡವಾಗಿ ಒತ್ತಿದ ಗುಂಡಿ

ಸಂಶೋಧನೆಗೆ ಸೇರಿದ ಎರಡನೆಯ ವರ್ಷ ನನಗೆ ಅರವತ್ತು ದಾಟಿದವರ ಮೆದುಳಿನ ಚಿತ್ರಗಳು ಬೇಕಾಗಿದ್ದವು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಯಂತ್ರವಿತ್ತು. ಅದರೊಳಗೆ ಅರ್ಧ ತಾಸು ಮಲಗುವ ಜನ ಸಾಲುತ್ತಿರಲಿಲ್ಲ. ಬಸವನ ಬಾಗೇವಾಡಿಗೆ ರಜೆಗೆ ಹೋದಾಗ, ಮೂರನೇ ಇಯತ್ತೆಯಲ್ಲಿ ನನಗೆ ಮಗ್ಗಿ ಕಲಿಸಿದ ಅಕ್ಕೋರ ಮುಂದೆ ಈ ಕಷ್ಟ ಹೇಳಿಕೊಂಡೆ. ಅವರು ನಿವೃತ್ತರಾಗಿದ್ದರು.

"ಸುಮ್ನ ಮಲಗೂದು ಹೌದಲ್ಲ? ನಾ ಬರ್ತೇನಿ, ನಡಿ," ಎಂದರು. ಸಿಂದಗಿಯ ತಂಗಿಯನ್ನೂ ಇಂಡಿ ಊರಿನ ಇಬ್ಬರು ಹಳೆಯ ಗೆಳತಿಯರನ್ನೂ ಹೈದರಾಬಾದಿಗೆ ಹೊರಡಿಸಿಕೊಂಡೇ ಬಂದರು.

ಯಂತ್ರದೊಳಗೆ ಕಣ್ಣೆದುರು ಅಂಕಿಗಳು ಒಂದೊಂದಾಗಿ ಬರುತ್ತವೆ. ಎರಡು ಅಂಕಿ ಹಿಂದೆ ಬಂದದ್ದೇ ಮತ್ತೆ ಬಂದರೆ ಗುಂಡಿ ಒತ್ತಬೇಕು. ಇದನ್ನು ಚೆನ್ನಾಗಿ ಮಾಡುವವರಲ್ಲಿ ಹಣೆಯ ಹಿಂದಿನ ಭಾಗವೂ ನೆತ್ತಿಯ ಹಿಂಬದಿಯ ಭಾಗವೂ ಹೆಚ್ಚು ಜೊತೆಯಾಗಿ ಏರಿಳಿಯುತ್ತವೆಯೇ ಎಂಬುದು ನನ್ನ ಪ್ರಶ್ನೆ. ಬಹುತೇಕ ಎಲ್ಲರಲ್ಲೂ ಹಾಗೆಯೇ ಕಂಡಿತು. ಅಕ್ಕೋರದು ಮಾತ್ರ ತಿರುಗುಮುರುಗು: ಆ ಎರಡು ಭಾಗಗಳ ನಂಟು ಎಲ್ಲರಿಗಿಂತ ಗಟ್ಟಿ, ಅಂಕ ಎಲ್ಲರಿಗಿಂತ ಕಡಿಮೆ. ಅವರ ಚುರುಕು ಹೋಯಿತೇನೋ ಎಂದು ಮನಸ್ಸು ಮುದುಡಿತು.

ಮುಂದಿನ ರಜೆಯಲ್ಲಿ ಅಳುಕುತ್ತಲೇ ಕೇಳಿದೆ. "ಆ ಅಂಕಿ ಆಟ ಕಠಿಣ ಆತೇನ್ರಿ ಅಕ್ಕೋರ?"

"ಎಲ್ಲಾ ತಿಳೀತಿತ್ತಲ್ಲ! ನೀ 'ಅಲ್ಲಾಡಬ್ಯಾಡ್ರಿ, ಚಿತ್ರ ಕೆಡತೈತಿ' ಅಂದಿದ್ದಿ. ಅದಕ್ಕ ಪ್ರತಿಸಲ ಉಸಿರು ಬಿಟ್ಟು, ಕೈ ಗಟ್ಟಿ ಹಿಡದು, ಆಮ್ಯಾಲೆ ಒತ್ತೀನಿ."

ಅಷ್ಟರಲ್ಲಿ ಮುಂದಿನ ಅಂಕಿ ಬಂದಿರುತ್ತಿತ್ತು. ಕಂಪ್ಯೂಟರು ಅದನ್ನು ತಪ್ಪೆಂದು ಬರೆದುಕೊಂಡಿತ್ತು. ಮರಳಿ ಹೋಗಿ ಕಡತ ತೆಗೆದು ನೋಡಿದರೆ ಉತ್ತರಗಳು ಹೆಚ್ಚುಕಡಿಮೆ ಎಲ್ಲವೂ ಸರಿ, ಎಲ್ಲವೂ ತಡ. ತಪ್ಪಿದ್ದದ್ದು ನನ್ನ ಮಾತಿನಲ್ಲಿ.

ಮತ್ತೆ ಊರಿಗೆ ಬಂದು ನಾನು ಕ್ಷಮೆ ಕೇಳಿದಾಗ ಅವರು ಪೆನ್ಸಿಲ್ ಹಿಡಿದು, ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದ ನನ್ನ ಒಂದು ಪುಟದ ಸೂಚನೆಗಳನ್ನು ಹೊಡೆದುಹಾಕಿದರು. "'ತಲಿ ಅಲ್ಲಾಡಬಾರದು, ಬೆರಳು ಓಡಬೇಕು.' ಇಷ್ಟು ಹೇಳು, ಸಾಕು."

ಆ ಬೇಸಿಗೆಯಿಡೀ ನನ್ನ ಜೊತೆ ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ಬಸ್ಸಿನಲ್ಲಿ ತಿರುಗಿದರು. ಒಪ್ಪಿದವರನ್ನೆಲ್ಲ ಕೂರಿಸಿ, ರಟ್ಟಿನ ಮೇಲೆ ಅಂಕಿ ಬರೆದು ಅಭ್ಯಾಸ ಮಾಡಿಸಿದರು. ಹೆದರಿದವರಿಗೆ "ಗುಡುಗುಡು ಅಂತೈತಿ ಅಷ್ಟ, ಕಡಿಯೂದಿಲ್ಲ" ಎನ್ನುತ್ತಿದ್ದರು. ತಾವೂ ಮತ್ತೊಮ್ಮೆ ಯಂತ್ರದೊಳಗೆ ಮಲಗಿ ಎದ್ದರು. ಅವರ ಮೊದಲ ಚಿತ್ರವನ್ನು ನಾನು ಕೈಬಿಟ್ಟೆ. ಹೊಸ ಚಿತ್ರಗಳಲ್ಲಿ ನಂಟೂ ಅಂಕವೂ ಜೊತೆಯಾಗಿ ಏರಿದ್ದು ಕಂಡಿತು. ದೊಡ್ಡ ಏರಿಕೆಯಲ್ಲ, ಆದರೆ ಸ್ಪಷ್ಟ.

ಪ್ರಬಂಧದ ಪ್ರತಿ ಒಯ್ದು ಕೊಟ್ಟಾಗ ಅವರು ಮೊದಲ ಪುಟ ತೆರೆದು ಕನ್ನಡಕ ಸರಿಮಾಡಿಕೊಂಡರು.

"ಇಂಗ್ಲಿಷಿನ್ಯಾಗ ಐತಲ್ಲವ್ವಾ. ಏನಂತ ಬರದಿ?"

ಅವರ ಪಕ್ಕದಲ್ಲಿ ಕುಳಿತೆ. ಆ ಪುಟದಲ್ಲಿ ಅವರಿಗೆ ಸಲ್ಲಿಸಿದ್ದ ನಾಲ್ಕು ಸಾಲಿನ ಕೃತಜ್ಞತೆಯನ್ನು, ಅವರೇ ಕಲಿಸಿದ ಕನ್ನಡದಲ್ಲಿ, ನಿಧಾನವಾಗಿ ಓದಿ ಹೇಳಿದೆ.