ಶೀಟಿನ ಮೇಲೆ ಹೊದಿಸಿದ ಹುಲ್ಲು

ಲಕ್ವ ಹೊಡೆದ ಮೇಲೆ ನಮ್ಮತ್ತೆ ಹಗಲೆಲ್ಲ ಸಿಮೆಂಟ್ ಶೀಟಿನ ಕೋಣೆಯಲ್ಲಿ ಮಲಗಿರುತ್ತಿದ್ದರು. ಬೆಟ್ಟದಪುರದ ಬಿಸಿಲಿಗೆ ಆ ಕೋಣೆ ಮಧ್ಯಾಹ್ನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಂತಾಗುತ್ತಿತ್ತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅವರ ಬೆನ್ನು ಬೆಂದು ಹುಣ್ಣಾಗಿತ್ತು.

ಶೀಟಿನ ಒಳಗಡೆಗೆ ಥರ್ಮೋಕೋಲ್ ಹೊಡೆಸೋಣವೆಂದು ನನ್ನ ಗಂಡ ಹೊರಟರೆ ಅತ್ತೆ ತಡೆದರು.

"ಆ ಬಿಳಿ ಬೆಂಡು ಯಾಕ್ಲಾ? ಮೆದೆಲಿ ರಾಗಿ ಹುಲ್ಲಿಲ್ವಾ? ಶೀಟಿನ ಮ್ಯಾಲೆ ದಪ್ಪುಕೆ ಹೊದಿಸು. ಅದ್ರಡಿಗೆ ಹೊಗೆಸೊಪ್ಪಿನ ಕಡ್ಡಿ ಹಾಕು, ಇಲಿ ಗೆದ್ಲು ಸುಳಿಯಾಕಿಲ್ಲ ಕಣ."

ಬ್ಯಾರನ್ನಿನ ಕೆಲಸದಲ್ಲೇ ಕೂದಲು ನೆರೆತವರ ಮಾತು. ಮೆದೆಯಲ್ಲಿ ಉಳಿದಿದ್ದ ಹುಲ್ಲನ್ನಷ್ಟೂ ತೆಗೆದು ಹಾಗೆಯೇ ಮಾಡಿದೆವು.

ಕೋಣೆ ನಿಜಕ್ಕೂ ತಣ್ಣಗಾಯಿತು. "ಸೊಸೆ ಕೈಲಿ ಗಾಳಿ ಬೀಸಿಸ್ಕಳೋ ಯೋಗ ತಪ್ಪೋಯ್ತಲ್ಲವ್ವ" ಎಂದು ಅತ್ತೆ ನಕ್ಕು, ಮಧ್ಯಾಹ್ನ ನಿದ್ದೆಯನ್ನೂ ಮಾಡತೊಡಗಿದರು.

ಮುಂಗಾರಿನ ಮೊದಲ ಮಳೆ ಸುರಿದಾಗ ನಾನು ಕೊಟ್ಟಿಗೆಯಲ್ಲಿದ್ದೆ. ಅವರು ಕೂಗಿದ್ದು ಕೇಳಿಸಲಿಲ್ಲ. ಒಳಗೆ ಬಂದು ನೋಡಿದರೆ ಕಡ್ಡಿ ನೆನೆದ ಕಂದು ನೀರು ಶೀಟಿನ ಬೋಲ್ಟಿನ ತೂತಿನಿಂದ ಅವರ ಮುಖಕ್ಕೇ ಸೋರುತ್ತಿತ್ತು. ಹೊರಳಲಾಗದೆ ಬಾಯಿಗೆ ಬಿದ್ದಷ್ಟನ್ನೂ ನುಂಗಿದ್ದರು. ವಾಂತಿ ನಿಲ್ಲಲೇ ಇಲ್ಲ. ಆಸ್ಪತ್ರೆಯಿಂದ ಕರೆತಂದಾಗ ದನಿಯೇ ಅಡಗಿದಂತಿತ್ತು.

ಅಷ್ಟರಲ್ಲಿ ನನ್ನ ಗಂಡ ಹುಲ್ಲನ್ನೆಲ್ಲ ಕೆಳಗೆಳೆದು ಸುಟ್ಟುಹಾಕಿದ್ದರು. ಹೊಗೆಸೊಪ್ಪಿನ ನಂಜೇರಿದ್ದನ್ನು ಹಸುವಿಗೂ ಹಾಕುವಂತಿರಲಿಲ್ಲ.

ಮಳೆ ಬಿಟ್ಟು ಬಿಸಿಲೇರಿತು, ಶೀಟು ಮತ್ತೆ ಕಾಯಿತು. ಅತ್ತೆ ಮೇಲೆ ನೋಡುತ್ತ ಪಿಸುಗುಟ್ಟಿದರು. "ಕಡ್ಡಿ ಬ್ಯಾಡ... ಬರೀ ಹುಲ್ಲು ಹಾಕ್ಸವ್ವ."

ಊರಿನ ಮೆದೆಗಳೆಲ್ಲ ಬರಿದಾಗಿದ್ದವು, ಹೊಸ ಹುಲ್ಲಿಗೆ ಸುಗ್ಗಿಯೇ ಬರಬೇಕಿತ್ತು. ಅಲ್ಲಿಯವರೆಗೆ ಅವರು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.

"ಆಯ್ತು ಬುಡಿ ಅತ್ತೆ, ಹಾಕುಸ್ತೀವಿ" ಎಂದೆ.